‘ಬಾ’ ಮತ್ತು ‘ಬಾದ’

ಪುಸ್ತಕದ ಕನ್ನಡದಲ್ಲಿ ಅದು ಈಜು. ನಮ್ಮ ಮನೆಯ ಕನ್ನಡದಲ್ಲಿ ಈಸು. ಶಾಲೆಯ ಮರಾಠಿಯಲ್ಲಿ ಪೋಹಣೆ. ಗಡಹಿಂಗ್ಲಜ ತಾಲೂಕಿನ ಮೂಡಣ ಹಳ್ಳಿಗಳಲ್ಲಿ ಹುಟ್ಟಿದವರಿಗೆ ಒಂದೇ ಕೆಲಸಕ್ಕೆ ಎರಡು ಮೂರು ಹೆಸರಿರುವುದು ಹೊಸದಲ್ಲ. ಆದರೂ ಚಿಕ್ಕಂದಿನಲ್ಲಿ ಇವು ಮೂರೂ ಬೇರೆ ಬೇರೆ ಕೆಲಸಗಳೆಂದೇ ನಾನು ತಿಳಿದಿದ್ದೆ. ಈಸುವುದು ಬಾವಿಯಲ್ಲಿ, ಹೊಳೆಯಲ್ಲಿ, ಮನೆಯವರಿಗೆ ಹೇಳದೆ. ಪೋಹಣೆ ಎಂಬುದು ವ್ಯಾಯಾಮದ ಮಹತ್ವ ಕುರಿತ ನಿಬಂಧದಲ್ಲಿ ಬರುತ್ತಿತ್ತು. ಅದಕ್ಕೆ ನನಗೆ ಹತ್ತಕ್ಕೆ ಆರು ಅಂಕ. ಈಜು ಎಂಬ ಮಾತು ನೌಕರಿಗೆಂದು ಬೆಳಗಾವಿಗೆ ಬಂದ ಮೇಲೆ ನಾಲಗೆಗೆ ಹತ್ತಿದ್ದು. ಅಷ್ಟರಲ್ಲಿ ನೀರಿಗಿಳಿಯುವುದೇ ನಿಂತುಹೋಗಿತ್ತು. ಹೀಗಾಗಿ ನನ್ನ ಪಾಲಿಗೆ ಈಜು ಇಂದಿಗೂ ಒಂದು ಹನಿ ನೀರು ತಾಗದ ಒಣ ಶಬ್ದ.

ಈಸು ಕಲಿಸಿದವನು ಸೋದರಮಾಮ. ನಮ್ಮ ಕಡೆ ಕೆಲವರು ಒಣಗಿದ ಸೋರೆಬುರುಡೆ ಕಟ್ಟುತ್ತಿದ್ದರು, ಕೆಲವರು ಬೆಂಡು. ಮಾಮ ಕಟ್ಟಿದ್ದು ಡಾಲ್ಡಾ ಡಬ್ಬಿ. ಮೊದಲು ದೊಡ್ಡ ಡಬ್ಬಿ. ಬಾವಿಗೆ ದೂಡಿದರೆ ಬೆಂಡಿನಂತೆ ತೇಲುತ್ತಿದ್ದೆ. ಎಂಟು ದಿನ ಕಳೆದ ಮೇಲೆ ಅದಕ್ಕಿಂತ ಚಿಕ್ಕದು, ಆಮೇಲೆ ಇನ್ನೂ ಚಿಕ್ಕದು. ಕೊನೆಗೆ ನನ್ನ ಬೆನ್ನಿಗೆ ಉಳಿದದ್ದು ಅಜ್ಜಿಯ ಎಲೆಅಡಿಕೆ ಚೀಲದಿಂದ ಕದ್ದು ತಂದ ಸುಣ್ಣದ ಡಬ್ಬಿ. “ಅಂಜಬ್ಯಾಡ ಅಳಿಯಾ, ಡಬ್ಬಿ ಐತಿ” ಎಂದು ಮಾಮ ದಂಡೆಯಿಂದ ಕೂಗುತ್ತಿದ್ದ. ಆ ಡಬ್ಬಿ ಒಂದು ಇಲಿಮರಿಯನ್ನೂ ತೇಲಿಸುವಂತಿರಲಿಲ್ಲ. ಆದರೂ ಅದನ್ನು ಬಿಚ್ಚಿದ ದಿನ ನಾನು ಎರಡು ಗುಟುಕು ನೀರು ಕುಡಿದೆ.

1986ನೇ ಇಸವಿ. ಗಣಪತಿ ಮುಳುಗಿಸಿ ಬಂದ ವಾರದಲ್ಲಿ ಪಿ.ಟಿ. ಸರ್ ವರ್ಗಕ್ಕೆ ಬಂದು, “ಹೊಳಿ ದಾಟಿ ಬರಾಂವ್ರು ಯಾರ್ಯಾರದೀರಿ?” ಎಂದು ಕೇಳಿದರು. ಬಯ್ಯಲಿಕ್ಕೇ ಕೇಳುತ್ತಿದ್ದಾರೆಂದು ತಿಳಿದು ಜಾಣರೆಲ್ಲ ತಲೆ ತಗ್ಗಿಸಿದರು. ಕೈ ಎತ್ತಿದ ದಡ್ಡರು ನಾಲ್ವರು. ಆ ನಾಲ್ವರೇ ಆ ವರ್ಷದ ನಮ್ಮ ಹೈಸ್ಕೂಲಿನ ಈಸುವ ತಂಡ.

ಒಬ್ಬ ಎಮ್ಮೆ ಕಾಯುವ ಮನೆಯವನು. ಎಮ್ಮೆಯ ಬಾಲ ಹಿಡಿದು ಹಿರಣ್ಯಕೇಶಿ ದಾಟುತ್ತ ದಾಟುತ್ತ ಒಂದು ದಿನ ಬಾಲ ಬಿಟ್ಟವನು. ಇನ್ನೊಬ್ಬ ಅಂಬಿಗರ ಮನೆಯವನು. ಹೊಳೆಗೆ ಎಸೆದ ನಾಣ್ಯ ತಳ ಮುಟ್ಟುವ ಮೊದಲೇ ಹಿಡಿದು ತರುತ್ತಿದ್ದ. ಮೂರನೆಯವನು ಸಕ್ಕರೆ ಕಾರ್ಖಾನೆಯ ಗುಮಾಸ್ತರ ಮಗ. ಅವನ ಬಳಿ ಈಜಿನ ಚಿತ್ರಗಳಿದ್ದ ಒಂದು ಪುಸ್ತಕವಿತ್ತು. ಕೈ ಎಲ್ಲಿ ಬಾಗಬೇಕು, ಉಸಿರು ಯಾವಾಗ ಬಿಡಬೇಕು ಎಂದು ಮಂಚದ ಮೇಲೆ ಬೋರಲಾಗಿ ಮಲಗಿ ಕಲಿತು, ಆಮೇಲೆ ನೀರಿಗೆ ಬಂದವನು. ನಾವು ಅವನನ್ನು ನೋಡಿ ನಕ್ಕಿದ್ದೇ ನಕ್ಕಿದ್ದು. ನಾಲ್ಕನೆಯವನು ಸುಣ್ಣದ ಡಬ್ಬಿಯ ನಾನು.

ನಮ್ಮ ಸರ್‌ಗೆ ಈಸಲು ಬರುತ್ತಿರಲಿಲ್ಲ. ಹರೆಯದಲ್ಲಿ ಕೊಲ್ಹಾಪುರದ ತಾಲೀಮಿನಲ್ಲಿ ಮಣ್ಣು ಹೊತ್ತು ಬಂದ ಪೈಲ್ವಾನರು ಅವರು, ಕಿವಿಯೆರಡೂ ಮುದ್ದೆಯಾಗಿದ್ದವು. ನೀರೆಂದರೆ ಮೊಣಕಾಲ ತನಕ ಮಾತ್ರ. ಬಾವಿಯ ಮೆಟ್ಟಿಲ ಮೇಲೆ ಕೊಡೆ ಹಿಡಿದು ಕೂತು ನಮಗೆ ಕಲಿಸಿದ್ದು ಕುಸ್ತಿ. “ನೀರಿನ ಸಂಗಡ ಜಗಳಾಡಬ್ಯಾಡ್ರಿ. ಅದರ ಕುತ್ತಿಗಿ ಹಿಡೀರಿ, ಹಿಂದಕ್ಕ ಒಗೀರಿ.” ಈಗ ನೆನೆದರೆ ಕೈಬೀಸಿ ಈಜುವ ವಿದ್ಯೆಯನ್ನು ಇದಕ್ಕಿಂತ ಕಡಿಮೆ ಮಾತಿನಲ್ಲಿ ಹೇಳಲಾಗದು ಅನಿಸುತ್ತದೆ.

ಬಾವಿ ಯಾಕೆಂದರೆ ಹೊಳೆ ಇನ್ನೂ ಕೆಂಪಾಗಿ ಹರಿಯುತ್ತಿತ್ತು. ಅಂಬೋಲಿಯ ಘಟ್ಟದಲ್ಲಿ ಹುಟ್ಟಿ ಆಜ್ರಾ ದಾಟಿ ಬರುವ ಹಿರಣ್ಯಕೇಶಿಯ ಮಳೆಗಾಲದ ರಭಸ ಬೇಗ ಇಳಿಯುವಂಥದ್ದಲ್ಲ. ಊರ ಬಳಿ ಒಂದು ಬಂಧಾರವಿದೆ: ಸಾಲು ಕಂಬಗಳು, ನಡುವೆ ಹಲಗೆ ಇಳಿಸುವ ಕಂಡಿಗಳು. ಮಳೆಗಾಲದಲ್ಲಿ ಹಲಗೆ ತೆಗೆದು ಹೊಳೆಗೆ ದಾರಿ ಬಿಡುತ್ತಾರೆ, ಮಳೆ ಮುಗಿದ ಮೇಲೆ ಇಳಿಸಿ ನೀರು ನಿಲ್ಲಿಸುತ್ತಾರೆ. ಎಂಜಿನಿಯರುಗಳು ಕೆ.ಟಿ. ಎನ್ನುವುದು ಇದನ್ನೇ, ಆ ಎರಡಕ್ಷರದಲ್ಲಿ ಮೊದಲನೆಯದು ಕೊಲ್ಹಾಪುರ. ಚಪ್ಪಲಿ, ಬೆಲ್ಲ, ಖಾರದ ಹಾಗೆ ಬಂಧಾರಕ್ಕೂ ತನ್ನ ಹೆಸರಿಟ್ಟ ಊರು ಅದು. ನೀರು ಯಾವಾಗ ಹೋಗಬೇಕು, ಯಾವಾಗ ನಿಲ್ಲಬೇಕು ಎಂಬುದನ್ನು ಆ ಹಲಗೆಗಳು ಬಲ್ಲವು. ನಾನು ಅದನ್ನು ಕಲಿಯಲು ಮುಂದೆ ಒಂದು ಜನ್ಮವೇ ಹಿಡಿಯಿತು.

ದುಂಡನೆಯ ಬಾವಿಯಲ್ಲಿ ಉದ್ದವೆಂಬುದಿಲ್ಲ. ಇಪ್ಪತ್ತೈದು ಮೀಟರ್ ಎಂದರೆ ಎಷ್ಟು ಎಂದು ಸರ್ ಗದ್ದೆಯ ಬದುವಿನ ಮೇಲೆ ಹಗ್ಗ ಹಿಡಿದು ಅಳೆದು ತೋರಿಸಿದರು. ನಾವು ಅಲ್ಲಿ ಓಡಿ ನೋಡಿ, ಅಷ್ಟೇ ದಣಿಯುವ ತನಕ ಬಾವಿಯಲ್ಲಿ ಸುತ್ತು ಹಾಕುತ್ತಿದ್ದೆವು, ಗಾಣದ ಎತ್ತಿನ ಹಾಗೆ. ಬಾವಿಯಲ್ಲಿ ನಮಗೆ ನಿಜವಾಗಿ ಬರುತ್ತಿದ್ದದ್ದು ಜಿಗಿಯುವುದು. ತಲೆ ಕೆಳಗೆ ಮಾಡಿ ಬಾಣದಂತೆ ಹೋಗುವ ಸೂರು, ಮೊಣಕಾಲು ಎದೆಗವುಚಿ ಬಿದ್ದು ದಂಡೆಯವರನ್ನೆಲ್ಲ ತೋಯಿಸುವ ಜಿಗಿತ, ಬೆನ್ನು ತಿರುಗಿಸಿ ಬೀಳುವ ಹುಚ್ಚು. ಒಬ್ಬ ಮೇಲೆ ಬರುವ ಮೊದಲೇ ಇನ್ನೊಬ್ಬ ಬಿದ್ದಿರುತ್ತಿದ್ದ. ಬಾವಿಯ ಶಾಸ್ತ್ರದಲ್ಲಿ ಕಾಯುವವನು ಅಂಜುಬುರುಕ.

ಅದೇ ದಿನಗಳಲ್ಲಿ ಸೋಲ್‌ನಲ್ಲಿ ಏಷ್ಯನ್ ಕ್ರೀಡಾಕೂಟ ನಡೆದಿತ್ತು. 200 ಮೀಟರ್ ಬಟರ್‌ಫ್ಲೈನಲ್ಲಿ ಖಜಾನ್ ಸಿಂಗ್ ಬೆಳ್ಳಿ ಗೆದ್ದ ಸುದ್ದಿಯನ್ನು ಮಾಮನ ರೇಡಿಯೋ ಹೇಳಿತು. ಮರುದಿನ ಬಾವಿಯ ಬಳಿ ಗುಮಾಸ್ತರ ಮಗ ಪುಸ್ತಕ ತೆರೆದು ಚಿಟ್ಟೆಯ ಚಿತ್ರ ತೋರಿಸಿದ. ಎರಡೂ ಕೈ ಒಟ್ಟಿಗೆ ಮೇಲೆ, ಎರಡೂ ಕಾಲು ಒಟ್ಟಿಗೆ ಕೆಳಗೆ. ನಾವು ಮಾಡಿ ನೋಡಿದೆವು. ಬಾವಿಯ ಒಡೆಯ ಓಡಿ ಬಂದು, ಯಾರೋ ಮುಳುಗುತ್ತಿದ್ದಾರೆಂದು ಹಗ್ಗ ಎಸೆದ.

ತಾಲೂಕಾ ಮಟ್ಟದಲ್ಲಿ ನಾವು ಚಾಂಪಿಯನ್ನರಾದೆವು. ಬೇರೆ ಯಾವ ಶಾಲೆಯೂ ಹೆಸರು ಕೊಟ್ಟಿರಲಿಲ್ಲ. ಒಂದು ಹನಿ ನೀರು ಮುಟ್ಟದೆ ಗೆದ್ದ ಆ ಗೆಲುವಿನ ಸುದ್ದಿಯನ್ನು ಪ್ರಾರ್ಥನೆಯ ಹೊತ್ತಿಗೆ ಓದಿ ಹೇಳಿದರು. ನಾವು ಗಂಭೀರವಾಗಿ ನಿಂತು ಚಪ್ಪಾಳೆ ಸ್ವೀಕರಿಸಿದೆವು. ಜಿಲ್ಲಾ ಸ್ಪರ್ಧೆ ಕೊಲ್ಹಾಪುರದಲ್ಲಿ, ಗಾಂಧಿ ಜಯಂತಿ ಕಳೆದ ಮೇಲೆ.

ನಮ್ಮ ಜಿಲ್ಲೆಯ ಮುಖ್ಯ ಊರಿಗೆ ಹೋಗುವ ದಾರಿಯೇ ಒಂದು ತಮಾಷೆ. ಗಡಹಿಂಗ್ಲಜದಲ್ಲಿ ಎಸ್‌.ಟಿ. ಹತ್ತಿದರೆ ಮಹಾರಾಷ್ಟ್ರ, ಸಂಕೇಶ್ವರಕ್ಕೆ ಬಂದರೆ ಕರ್ನಾಟಕ. ಸ್ತವನಿಧಿಯ ಘಾಟು ಇಳಿದು ನಿಪ್ಪಾಣಿ ಮುಟ್ಟಿದರೆ ಬಸ್ಸಿನ ತುಂಬ ತಂಬಾಕಿನ ವಾಸನೆ, ಆಗಲೂ ಕರ್ನಾಟಕ. ಕೊಗನೊಳಿ ದಾಟಿ ಕಾಗಲ್ ಬಂದಾಗ ಮತ್ತೆ ಮಹಾರಾಷ್ಟ್ರ. ಅಂಗಡಿಯ ಫಲಕಗಳ ಅಕ್ಷರ ಎರಡು ಸಲ ಬದಲಾಗುತ್ತದೆ, ಕಬ್ಬು ಮಾತ್ರ ಬದಲಾಗುವುದಿಲ್ಲ. ದಾರಿಯುದ್ದಕ್ಕೂ ಸರ್ ಖಾಶಾಬಾ ಜಾಧವರ ಕಥೆ ಹೇಳಿದರು. 1952ರಲ್ಲಿ ಹೆಲ್ಸಿಂಕಿಗೆ ಹೋಗಲು ಹಣವಿಲ್ಲದಾಗ ಕೊಲ್ಹಾಪುರದ ರಾಜಾರಾಮ್ ಕಾಲೇಜಿನ ಪ್ರಾಚಾರ್ಯರು ಮನೆಯನ್ನೇ ಒತ್ತೆಯಿಟ್ಟು ಏಳು ಸಾವಿರ ರೂಪಾಯಿ ಕೊಟ್ಟದ್ದು, ಜಾಧವರು ಕಂಚು ತಂದದ್ದು, ಸ್ವತಂತ್ರ ಭಾರತದವನೊಬ್ಬ ಒಬ್ಬಂಟಿಯಾಗಿ ಗೆದ್ದ ಮೊದಲ ಒಲಿಂಪಿಕ್ ಪದಕ ಅದು ಎಂಬುದು. ಕಥೆ ಮುಗಿದ ಮೇಲೆ ನಾಲ್ಕು ಅರ್ಧ ಟಿಕೆಟ್‌ಗಳನ್ನು ಮಡಿಚಿ ಅಂಗಿಯ ಒಳಕಿಸೆಯಲ್ಲಿಟ್ಟುಕೊಂಡರು. ಅವುಗಳ ಹಣ ಶಾಲೆಯದಲ್ಲ, ಅವರದೇ ಎಂದು ಬಹಳ ವರ್ಷಗಳ ಮೇಲೆ ತಿಳಿಯಿತು.

ಕೊಳದ ನೀರು ಕಂಡು ನಾವು ನಾಲ್ವರೂ ಸುಮ್ಮನಾದೆವು. ತಳ ಕಾಣುತ್ತಿತ್ತು! ಹುಟ್ಟಿದಾಗಿನಿಂದ ನಾವು ಈಸಿದ ನೀರಿಗೆ ತಳವೆಂಬುದು ನಂಬಿಕೆಯ ವಿಷಯ, ದೇವರ ಹಾಗೆ. ಇಲ್ಲಿ ನೀಲಿ ಹಾಸು, ಅದರ ಮೇಲೆ ಉದ್ದಕ್ಕೆ ಕರಿಯ ಪಟ್ಟಿ. “ಇಷ್ಟ ಸ್ವಚ್ಛ ನೀರಾಗ ಎಮ್ಮಿ ಇಳಿಯೂದಿಲ್ಲ” ಎಂದ ಎಮ್ಮೆಯವ. ನಗರದ ಹುಡುಗರ ಕಣ್ಣಿಗೆ ಕನ್ನಡಕ, ಮೈಗಂಟಿದ ಚಡ್ಡಿ. ನಮ್ಮವು ದರ್ಜಿ ಹೊಲಿದ ಖಾಕಿ ಅರ್ಧ ಚಡ್ಡಿಗಳು. ನೆನೆದರೆ ಕಾಲಿಗೆ ಕಟ್ಟಿದ ಕಲ್ಲು.

ನಮಗೊಂದು ಗುಟ್ಟಿನ ಬಲವಿತ್ತು: ಕನ್ನಡ. ಸುತ್ತ ಮರಾಠಿ ಮಾತಾಡುವವರ ನಡುವೆ ನಾವು ಯಾರ ಹೊಟ್ಟೆ ದಪ್ಪ, ಯಾರು ನೀರು ಕುಡಿದರು, ಇಚಲಕರಂಜಿಯ ಕಪ್ಪನೆಯ ಹುಡುಗ ಕೈ ಬೀಸುವುದು ಹೇಗೆ ಮಗ್ಗದ ಲಾಳಿಯ ಹಾಗಿದೆ ಎಂಬುದನ್ನೆಲ್ಲ ಗಟ್ಟಿಯಾಗಿ, ನಿರ್ಭಯವಾಗಿ ಆಡಿಕೊಂಡೆವು. ಈಸುವವನನ್ನು ಹುರಿದುಂಬಿಸಲು ನಮ್ಮದು ಒಂದೇ ಮಂತ್ರ: “ಬಾ! ಬಾ! ಬಾ!” ಹಳ್ಳಿಯ ಮರಾಠಿಯಲ್ಲಿ ‘ಬಾ’ ಎಂದರೆ ಅಪ್ಪ. ಮೂವರು ಹುಡುಗರು ದಂಡೆಯ ಮೇಲೆ ನಿಂತು ನೀರಲ್ಲಿರುವವನನ್ನು ಅಪ್ಪಾ, ಅಪ್ಪಾ ಎಂದು ಕೂಗುವುದನ್ನು ಕಂಡು ಜನ ಬೆರಗಾದರು. ಮಧ್ಯಾಹ್ನದ ಹೊತ್ತಿಗೆ ಎಮ್ಮೆಯವನಿಗೆ ಕೊಳದ ತುಂಬ ಅದೇ ಹೆಸರು.

ಅಂಬಿಗರವನು ಎದೆಯೀಜಿನಲ್ಲಿ ಎಲ್ಲರಿಗಿಂತ ಮುಂದೆ ಬಂದು ಒಂದು ಕೈಯಿಂದ ಗೋಡೆ ಮುಟ್ಟಿದ. ಆ ಈಜಿಗೆ ಎರಡೂ ಕೈ ಒಟ್ಟಿಗೆ ತಾಗಬೇಕು. ಧ್ವನಿವರ್ಧಕದಲ್ಲಿ ಮರಾಠಿಯ ಒಂದು ಮಾತು ಕೇಳಿತು: “ಬಾದ.” ಹೊರಗೆ, ಲೆಕ್ಕಕ್ಕಿಲ್ಲ ಎಂದರ್ಥ. “ಒಂದ ಕೈಲೆ ಮುಟ್ಟಿದ್ರ ಗ್ವಾಡಿಗೆ ತಿಳಿಯೂದಿಲ್ಲೇನ್ರಿ ಸರ್?” ಎಂದು ಅವನು ಕೇಳಿದ. ಸರ್ ಬಳಿ ಉತ್ತರವಿರಲಿಲ್ಲ. ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಮುಗಿಯಿತು, ಎಷ್ಟು ಕೈ ಎಂದು ಯಾರೂ ಎಣಿಸುವುದಿಲ್ಲ. ಎಮ್ಮೆಯವ ಮುಕ್ತ ಈಜಿನಲ್ಲಿ ನಾಲ್ಕನೆಯವನಾದ. ತಲೆಯನ್ನು ನೀರಿನ ಮೇಲೆಯೇ ಎತ್ತಿ ಹಿಡಿದು ಈಸುವ ಅವನ ಚಟವೇ ಅವನನ್ನು ಹಿಂದೆ ಉಳಿಸಿತು. ಹೊಳೆಯಲ್ಲಿ ಎಮ್ಮೆ ಎಲ್ಲಿ ಹೋಯಿತೆಂದು ನೋಡುತ್ತಲೇ ಇರಬೇಕಲ್ಲ. ನಾನು ಗೋಡೆ ಮುಟ್ಟಿ ತಿರುಗುವ ಬದಲು ಅಲ್ಲೇ ಒಂದು ಕ್ಷಣ ಹಿಡಿದು ನಿಂತೆ. ಹೊಳೆ ಈಸುವವನಿಗೆ ಆಚೆ ದಡವೆಂದರೆ ಕುಳಿತು ದಣಿವಾರಿಸಿಕೊಳ್ಳುವ ಜಾಗ. ಮುಟ್ಟಿದ ಕೂಡಲೇ ಹಿಂದೆ ಬರಲು ಅಲ್ಲೇನು ಹುಲಿ ಇದೆಯೇ?

ಪದಕ ತಂದವನು ಪುಸ್ತಕದವನು. ಅಂಗಾತ ಈಜಿನಲ್ಲಿ ಮೂರನೆಯ ಸ್ಥಾನ. ಮೇಲೆ ಕಟ್ಟಿದ ಪತಾಕೆಯ ಸಾಲು ಗೋಡೆಯಿಂದ ಐದು ಮೀಟರ್ ದೂರವಿರುತ್ತದೆ, ಅದು ಕಂಡ ಮೇಲೆ ಕೈ ಎಣಿಸಬೇಕು ಎಂದು ಓದಿದ್ದನಂತೆ. ಉಳಿದವರು ತಲೆ ಚಚ್ಚಿಕೊಂಡರು, ಇವನು ಎಣಿಸಿದ. ಅಂದಿನಿಂದ ನಾನು ಮಂಚದ ಮೇಲೆ ಕಲಿತ ಯಾವ ವಿದ್ಯೆಗೂ ನಕ್ಕಿಲ್ಲ.

ಕೊನೆಗೆ ರಿಲೇ. ನಾಲ್ವರು, ತಲಾ ಐವತ್ತು ಮೀಟರ್. ಅಂಬಿಗ ಮೊದಲು, ಗುಮಾಸ್ತರ ಮಗ ಆಮೇಲೆ, ಎಮ್ಮೆಯವ ಮೂರನೆಯವ, ಕೊನೆಗೆ ನಾನು. ನನ್ನನ್ನೇ ಕೊನೆಗೆ ಯಾಕೆ ಇಟ್ಟರು ಎಂದರೆ ಅದೂ ಕುಸ್ತಿಯ ಲೆಕ್ಕ: ಕಡೆಯ ಜೋಡಿಗೆ ಸಮಾಧಾನಿ ಪೈಲ್ವಾನ ಬೇಕು. ನಾನು ಮಧ್ಯಾಹ್ನದಿಂದ ಒಂದು ಮಾತೂ ಆಡಿರಲಿಲ್ಲ. ಸರ್ ಅದನ್ನು ಸಮಾಧಾನವೆಂದು ತಿಳಿದರು. ಅಂಜಿಕೆಯಿಂದ ನಾಲಗೆ ಒಣಗಿದವನೂ ಮೌನಿಯೇ.

ನಿಯಮ ಒಂದೇ. ಈಸಿ ಬರುವವನ ಕೈ ಗೋಡೆಗೆ ತಾಗುವ ತನಕ ಮುಂದಿನವನ ಕಾಲು ಕಟ್ಟೆ ಬಿಡಬಾರದು. ಸರ್ ಅದನ್ನು ಬಸ್ಸಿನಲ್ಲಿ ಹತ್ತು ಸಲ ಹೇಳಿದ್ದರು: “ಕೈ ಹತ್ತಿದ ಮ್ಯಾಲ ಕಾಲ ಬಿಡ್ರಿ.” ಅಂಬಿಗ ಮೀನಿನಂತೆ ಹೋಗಿ ಬಂದ. ಪುಸ್ತಕದವ ಪುಟ ತಪ್ಪದಂತೆ ಈಸಿದ. ಎಮ್ಮೆಯವ ನೀರಿಗಿಳಿದಾಗ ನಾವು ಮೂರನೆಯವರು. ತಿರುಗಿ ಬರುವಾಗ ಇಚಲಕರಂಜಿಯವರೊಬ್ಬರೇ ಮುಂದೆ, ಅದೂ ಒಂದು ಮೊಳ. ನಾನು ಕಟ್ಟೆಯ ತುದಿಯಲ್ಲಿ ಬಾಗಿ ನಿಂತಿದ್ದೆ. ತಲೆ ಎತ್ತಿಕೊಂಡು ಅವನು ನನ್ನನ್ನೇ ನೋಡುತ್ತ ಬರುತ್ತಿದ್ದ. “ಬಾ” ಎಂದೆ. ನನ್ನ ಭಾರ ಹಿಮ್ಮಡಿಯಿಂದ ಬೆರಳಿಗೆ ಬಂತು. “ಬಾ” ಎಂದೆ. ಮೊಣಕಾಲು ಮುಂದೆ ಬಾಗಿತು. ಮೂರನೆಯ ಸಲ “ಬಾ” ಎಂದೆನೋ ಇಲ್ಲವೋ, ಕಿವಿಯ ತುಂಬ ನೀರು. ಅವನನ್ನು ಕರೆದು ಕರೆದು ನಾನೇ ಹೋಗಿಬಿಟ್ಟಿದ್ದೆ.

ಆ ಐವತ್ತು ಮೀಟರ್ ಈಸಿದ ಹಾಗೆ ಮುಂದೆಂದೂ ಈಸಿಲ್ಲ. ಗೋಡೆ ಬಂದಾಗ ಹಿಡಿದು ನಿಲ್ಲಲಿಲ್ಲ. ನೀರಿನ ಕುತ್ತಿಗೆ ಹಿಡಿದು ಹಿಂದಕ್ಕೆ ಒಗೆದೆ, ಒಗೆದೆ, ಮತ್ತೆ ಒಗೆದೆ. ಮುಟ್ಟಿ ತಲೆ ಎತ್ತಿದಾಗ ಪಕ್ಕದ ಸಾಲಿನ ಹುಡುಗ ಇನ್ನೂ ಒಂದು ಕೈ ದೂರದಲ್ಲಿದ್ದ. ಮೂವರೂ ನೀರಿಗೆ ಹಾರಿ ನನ್ನನ್ನು ಮುಳುಗಿಸಿ ಎತ್ತಿದರು. ಪೈಲ್ವಾನ ಸರ್ ಚಪ್ಪಲಿ ಬಿಟ್ಟು ಕೊಳದ ಮೆಟ್ಟಿಲಿಳಿದು ಸೊಂಟದ ತನಕ ನೀರಲ್ಲಿ ನಿಂತಿದ್ದರು, ತಮಗೇ ಅರಿವಿಲ್ಲದೆ. ಐದು ನಿಮಿಷ ನಾವು ಇಡೀ ಕೊಲ್ಹಾಪುರ ಜಿಲ್ಲೆಯಲ್ಲಿ ಮೊದಲಿಗರಾಗಿದ್ದೆವು. ಆಮೇಲೆ ಧ್ವನಿವರ್ಧಕ ಗಂಟಲು ಸರಿಮಾಡಿಕೊಂಡಿತು. ನಮ್ಮ ಶಾಲೆಯ ಹೆಸರು, ಅದರ ಹಿಂದೆ ಆ ಮಾತು: ಬಾದ.

ನಮ್ಮ ‘ಬಾ’ಗೆ ಒಂದೇ ಅಕ್ಷರ ಸೇರಿಸಿದ್ದರು.

ಆಗ ನ್ಯಾಯ ನಿರ್ಣಯವೆಲ್ಲ ಕಣ್ಣಳತೆ, ಕೈಗಡಿಯಾರ. ಎಷ್ಟು ಮೊದಲು ಜಿಗಿದೆ ಎಂದು ಯಾರೂ ಹೇಳಲಿಲ್ಲ, ಹೇಳಲಾರರು ಕೂಡ. ದೊಡ್ಡವರ ಕೊಳಗಳಲ್ಲಿಯೂ ಈ ಗೊಂದಲ ಹಳೆಯದೇ. 1960ರ ರೋಮ್ ಒಲಿಂಪಿಕ್ಸ್‌ನ 100 ಮೀಟರಿನಲ್ಲಿ ಗಡಿಯಾರಗಳು ಅಮೆರಿಕದ ಲ್ಯಾನ್ಸ್ ಲಾರ್ಸನ್ ಕಡೆ ಇದ್ದವು. ಪಂಚರು ಚಿನ್ನ ಕೊಟ್ಟದ್ದು ಆಸ್ಟ್ರೇಲಿಯದ ಜಾನ್ ಡೆವಿಟ್‌ಗೆ. ಆಮೇಲೆ ಗೋಡೆಗೇ ಬುದ್ಧಿ ಕೊಟ್ಟರು: 1968ರ ಮೆಕ್ಸಿಕೋದಲ್ಲಿ ಮುಟ್ಟಿದರೆ ಗಡಿಯಾರ ನಿಲ್ಲುವ ಹಲಗೆ ಬಂತು. ಅದೂ ಅತಿಯಾಯಿತು. 1972ರ ಮ್ಯೂನಿಕ್‌ನಲ್ಲಿ 400 ಮೀಟರ್ ಈಸಿ ಸ್ವೀಡನ್ನಿನ ಗುನ್ನಾರ್ ಲಾರ್ಸನ್ ಗೆದ್ದ ಅಂತರ ಸೆಕೆಂಡಿನ ಸಾವಿರದಲ್ಲಿ ಎರಡು ಪಾಲು. ನೀರಿನಲ್ಲಿ ಅದು ಸುಮಾರು ಮೂರು ಮಿಲಿಮೀಟರ್. ಕೊಳ ಕಟ್ಟಿದ ಗೌಂಡಿ ಒಂದು ಸಾಲಿನ ಗೋಡೆಗೆ ಕೊಂಚ ಹೆಚ್ಚು ಗಾರೆ ಮೆತ್ತಿದ್ದರೂ ಅಷ್ಟು ವ್ಯತ್ಯಾಸ ಬಂದೀತು. ಹಾಗಾಗಿ ಮುಂದೆ ನೂರನೆಯ ಒಂದು ಪಾಲಿಗಿಂತ ಸಣ್ಣದನ್ನು ಎಣಿಸುವುದನ್ನೇ ಬಿಟ್ಟರು. ಈ ಸಂಗತಿಗಳನ್ನೆಲ್ಲ ನಾನು ಹುಡುಕಿ ಹುಡುಕಿ ಓದಿದ್ದು ನಡುವಯಸ್ಸಿನಲ್ಲಿ. ಒಳಗಿನ ಯಾವ ಗಾಯಕ್ಕೆ ಮುಲಾಮು ಹುಡುಕುತ್ತಿದ್ದೆ ಎಂದು ಬೇರೆ ಹೇಳಬೇಕಿಲ್ಲ.

ಅಂದು ಸಂಜೆ ಸರ್ ಬಯ್ಯಲಿಲ್ಲ. ಶಾಹೂ ಮಹಾರಾಜರು ಕಟ್ಟಿಸಿದ ಖಾಸಬಾಗ್ ಮೈದಾನವನ್ನು ಹೊರಗಿನಿಂದ ತೋರಿಸಿದರು. “ಇದರಾಗ ಸೋತಾಂವ್ರ ಹೆಸರ ಬರದ್ರ ಊರ ಗ್ವಾಡಿ ಸಾಲೂದಿಲ್ಲ” ಎಂದರು. ಆಮೇಲೆ ಗಂಗಾವೇಶಿಗೆ ಕರೆದುಕೊಂಡು ಹೋದರು. ಅಲ್ಲಿ ಬೀದಿಯ ಬದಿಗೆ ಎಮ್ಮೆ ಕಟ್ಟಿ, ಎದುರಿಗೇ ಹಿಂಡಿ, ನೊರೆ ಆರುವ ಮೊದಲು ಲೋಟ ಕೈಗೆ ಕೊಡುತ್ತಾರೆ. ತಾಲೀಮಿನ ಪೈಲ್ವಾನರು ಕುಡಿಯುವ ಹಾಲು. ಬೆಚ್ಚಗಿನ ಲೋಟ ಹಿಡಿದು ನಿಂತಾಗ ನನ್ನ ಕಣ್ಣಲ್ಲಿ ನೀರು ಬಂತು. ಕೊಳದ ಔಷಧಿ ನೀರಿನ ಉರಿ ಎಂದೆ. ಎಮ್ಮೆಯವ ನನ್ನ ಕಡೆ ನೋಡಲೇ ಇಲ್ಲ. ಹಿಂಡುವವನ ಬಳಿ ಕುಕ್ಕರಗಾಲಲ್ಲಿ ಕೂತು, “ಯಾವ ಹಿಂಡಿ ಹಾಕ್ತೀರಿ?” ಎಂದು ವಿಚಾರಿಸುತ್ತಿದ್ದ. ರಾತ್ರಿಯ ಬಸ್ಸು ಮತ್ತೆ ಎರಡು ರಾಜ್ಯ ದಾಟಿತು. ನಿಪ್ಪಾಣಿಯ ತಂಬಾಕಿನ ವಾಸನೆಗೆ ನಾಲ್ವರೂ ಒಟ್ಟಿಗೆ ಸೀನಿದೆವು. ತಂಡವಾಗಿ ನಾವು ಸರಿಯಾದ ಹೊತ್ತಿಗೆ ಮಾಡಿದ ಕೆಲಸ ಅದೊಂದೇ.

ಋತು ಅಲ್ಲಿಗೇ ಮುಗಿಯಬೇಕಿತ್ತು. ಎರಡು ಭಾನುವಾರ ಕಳೆದ ಮೇಲೆ ಇಚಲಕರಂಜಿಯ ನಾಲ್ವರು ಹುಡುಗರು ನಮ್ಮ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದರು. ಲಾಳಿಯ ಕೈಯ ಕಪ್ಪು ಹುಡುಗ ನನ್ನ ಬಳಿ ಬಂದು, “ಹೊಳಿ ತೋರ್ಸು, ಬಾ” ಎಂದ. ಅಚ್ಚ ಕನ್ನಡ! ನೇಕಾರರ ಮನೆಯವನು. ಇಚಲಕರಂಜಿಯ ಮಗ್ಗಗಳ ಸದ್ದಿನ ನಡುವೆ ಎಷ್ಟೋ ಮನೆಗಳು ಕನ್ನಡ ಮಾತಾಡುತ್ತವೆ ಎಂಬುದು ನಮಗೆ ಹೊಳೆದೇ ಇರಲಿಲ್ಲ. ಕೊಳದ ದಂಡೆಯಲ್ಲಿ ನಾವು ಆಡಿದ್ದನ್ನೆಲ್ಲ ಅವನು ಒಂದಕ್ಷರ ಬಿಡದೆ ಕೇಳಿಸಿಕೊಂಡಿದ್ದ. “ಲಾಳಿ ಅಂದದ್ದ ಯಾರು?” ಎಂದ. ಮೂವರೂ ನನ್ನ ಕಡೆ ಬೆರಳು ಮಾಡಿದರು. ಅವನು ನಕ್ಕ. “ನಿಂದ ಸಹಿ ಹಾಕಿದಂಗ ಇರತೈತಿ, ಕಡೀಕ ಒಂದ ಗೀಟ ಜಾಸ್ತಿ” ಎಂದ.

ಬಂಧಾರಕ್ಕೆ ಇನ್ನೂ ಹಲಗೆ ಇಳಿಸಿರಲಿಲ್ಲ, ಸೆಳೆತವಿತ್ತು. ಈ ದಡದಿಂದ ಆ ದಡಕ್ಕೆ, ಎಂಟು ಜನ, ಯಾರ ಕೈಯಲ್ಲೂ ಗಡಿಯಾರವಿಲ್ಲ. ಹೊಳೆ ಬಲ್ಲವನು ತಲುಪಬೇಕಾದ ಮರಕ್ಕೆ ಗುರಿಯಿಡುವುದಿಲ್ಲ. ಮೇಲಿನ ಮರ ನೋಡುತ್ತ ಈಸುತ್ತಾನೆ, ಕೆಳಗಿನ ಮರಕ್ಕೆ ಹೋಗಿ ಹತ್ತುತ್ತಾನೆ. ಎಂಟು ಜನ ಎಂಟು ಕಡೆ ಹತ್ತಿದೆವು. ಒಬ್ಬ ಜಾಲಿಯ ಮುಳ್ಳಿನಲ್ಲಿ, ಒಬ್ಬ ಕಬ್ಬಿನ ಗದ್ದೆಯಲ್ಲಿ, ಒಬ್ಬ ಬಟ್ಟೆ ಒಗೆಯುವ ಹೆಂಗಸರ ನಡುವೆ. ಮೊದಲು ಬಂದವನು ಯಾರು ಎಂದು ಕೇಳಲು ಎಲ್ಲರೂ ಒಂದೆಡೆ ಸೇರುವಷ್ಟರಲ್ಲಿ ಹಸಿವಾಗಿತ್ತು. ಎಮ್ಮೆಯವನ ಮನೆಯಲ್ಲಿ ರೊಟ್ಟಿ, ಸಂಕೇಶ್ವರಿ ಮೆಣಸಿನಕಾಯಿಯ ಚಟ್ನಿ, ಮೊಸರು. “ನಮ್ಮ ಪಂಚಗಂಗಾ ನರಸೋಬವಾಡ್ಯಾಗ ಕೃಷ್ಣಾಕ್ಕ ಕೂಡತೈತಿ, ನಿಮ್ಮ ಹೊಳಿ?” ಎಂದು ನೇಕಾರರವನು ಕೇಳಿದ. ಹಿರಣ್ಯಕೇಶಿ ಮುಂದೆ ಘಟಪ್ರಭೆಗೆ ಸೇರಿ, ಘಟಪ್ರಭೆ ಚಿಕ್ಕಸಂಗಮದಲ್ಲಿ ಅದೇ ಕೃಷ್ಣೆಗೆ ಕೂಡುತ್ತದೆ ಎಂದು ಪುಸ್ತಕದವ ಹೇಳಿದ. “ಹಂಗಾದ್ರ ನಂದ ನೀರು ಮೊದಲ ಮುಟ್ಟತೈತಿ” ಎಂದು ಅವನು, “ನಿಂದು ನಮ್ಮ ನೀರಿಗಾಗಿ ಕಾಯಬೇಕಾಗತೈತಿ” ಎಂದು ಎಮ್ಮೆಯವ. ನಾನು ರೊಟ್ಟಿ ನುಂಗಲಾರದೆ ಕೂತೆ.

ಆಮೇಲೆ ಎಲ್ಲರೂ ಅವರವರ ದಾರಿ ಹಿಡಿದೆವು. ನಾನು ಬೆಳಗಾವಿಗೆ ಬಂದೆ. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್‌ಗೆ ಹೋದ ಈಜುಗಾರರಲ್ಲಿ ಕೊಲ್ಹಾಪುರದ ಹುಡುಗನೊಬ್ಬನಿದ್ದ: ವೀರಧವಳ ಖಾಡೆ. ಹದಿನೇಳು ತುಂಬಲು ಇನ್ನೂ ಕೆಲವು ದಿನ ಬಾಕಿ, ಅಂದರೆ ಹೆಚ್ಚುಕಡಿಮೆ ನಮ್ಮ ತಂಡದ ವಯಸ್ಸು. ಅದೇ ಬೀಜಿಂಗ್‌ನಲ್ಲಿ ಮೈಕೆಲ್ ಫೆಲ್ಪ್ಸ್ 100 ಮೀಟರ್ ಬಟರ್‌ಫ್ಲೈ ಗೆದ್ದದ್ದು ನೂರರಲ್ಲಿ ಒಂದು ಪಾಲಿನಿಂದ. ಎರಡು ವರ್ಷದ ಮೇಲೆ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದ 50 ಮೀಟರ್ ಬಟರ್‌ಫ್ಲೈನಲ್ಲಿ ಖಾಡೆ ಕಂಚು ಗೆದ್ದಾಗ ಪತ್ರಿಕೆಗಳು ಬರೆದವು: ಏಷ್ಯಾಡ್‌ನ ಈಜಿನಲ್ಲಿ ಭಾರತಕ್ಕೆ 24 ವರ್ಷಗಳ ಮೇಲೆ ಪದಕ, 1986ರ ಖಜಾನ್ ಸಿಂಗ್ ನಂತರ ಇದೇ ಮೊದಲು. ನಾನು ಪತ್ರಿಕೆ ಮಡಿಚಿ ಸುಮ್ಮನೆ ಕೂತೆ. ಆ ಇಪ್ಪತ್ತನಾಲ್ಕು ವರ್ಷಗಳ ಒಂದು ತುದಿಯಲ್ಲಿ ನಮ್ಮ ಬಾವಿಯಿತ್ತು, ನಾವು ಚಿಟ್ಟೆಯಾಗಲು ಹೋಗಿ ಹಗ್ಗ ಎಸೆಸಿಕೊಂಡ ಬಾವಿ.

ಖಾಡೆ ತಹಶೀಲ್ದಾರರಾದರು, ಕೊಳದಿಂದ ದೂರವಾದರು, ಮತ್ತೆ ಮರಳಿದರು. 2018ರ ಆಗಸ್ಟ್‌ನಲ್ಲಿ ಜಕಾರ್ತಾದ ಏಷ್ಯಾಡ್. 50 ಮೀಟರ್ ಮುಕ್ತ ಈಜು. ಬೆಳಗಿನ ಸುತ್ತಿನಲ್ಲಿ 22.43 ಸೆಕೆಂಡು, ರಾಷ್ಟ್ರೀಯ ದಾಖಲೆ. ಸಂಜೆಯ ಫೈನಲ್‌ನಲ್ಲಿ 22.47. ಕಂಚು ಪಡೆದ ಜಪಾನಿನವನದು 22.46. ಬೆಳಗಿನ ತಾನೇ ಸಂಜೆ ಬಂದಿದ್ದರೂ ಸಾಕಿತ್ತು. ನಾನು ಲೆಕ್ಕ ಹಾಕಿದೆ: ಆ ವೇಗಕ್ಕೆ ನೂರರಲ್ಲಿ ಒಂದು ಪಾಲು ಎಂದರೆ ಎರಡು ಸೆಂಟಿಮೀಟರ್ ಮೇಲೆ ಚೂರು. ಬೆರಳಿನ ತುದಿಯ ಒಂದು ಗೆಣ್ಣು.

ಫೋನು ಬಂತು. ಎಮ್ಮೆಯವ. ಈಗ ಅವನ ಮನೆಯಲ್ಲಿ ಹದಿನಾಲ್ಕು ಎಮ್ಮೆ, ಡೇರಿಗೆ ಹಾಲು.

“ನೋಡಿದೇನೋ?” ಎಂದ.

“ನೋಡಿದೆ. ಒಂದ ಗೆಣ್ಣ.”

“ನಾವ್ ಅವತ್ತ ಎಷ್ಟ ಮೊದಲ ಜಿಗದಿದ್ವಿ?”

“ನಾವಲ್ಲೋ. ನಾನು.” ಮೂವತ್ತೆರಡು ವರ್ಷ ಗಂಟಲಲ್ಲಿದ್ದ ಮಾತು ಅದು. “ಜಿಗದಾಂವ ನಾನು.”

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಹಿಂದೆ ಎಮ್ಮೆಯೊಂದು ಕೂಗಿತು.

“ನಾ ತಲಿ ಎತ್ತಿ ಬಂದೆ. ತಲಿ ನೀರಾಗ ಇಟ್ಟಿದ್ರ ಕೈ ಒಂದ ಗೇಣ ಮೊದಲ ಹತ್ತತಿತ್ತು” ಎಂದ. “ಸ್ಪೀಕರನ್ಯಾಗ ಯಾರ ಹೆಸರ ಹೇಳಿದ್ರು? ನಿಂದೇನ? ಸಾಲೀದು. ಮತ್ತ? ಬಾದ ಆದದ್ದು ನಾವು.”

ಕನ್ನಡದ ‘ನಾವು’ ಎಂಬ ಮಾತಿಗೆ ನಾಲ್ಕು ಜನರ ಭಾರ ಹೊರುವ ಶಕ್ತಿಯಿದೆ ಎಂದು ನನಗೆ ತಿಳಿದದ್ದು ಆಗ. ಏನು ಹೇಳಬೇಕೋ ತಿಳಿಯದೆ ಮಳೆ ಹೇಗಿದೆ ಎಂದು ಕೇಳಿದೆ. ಹೊಳೆ ತುಂಬಿದೆ ಎಂದ. “ದೀಪಾವಳಿಗೆ ಬಾ. ಹಲಗಿ ಹಾಕಿರ್ತಾರ, ನೀರ ನಿಂತಿರತೈತಿ.”

ಹೋದೆ. ಬಂಧಾರದ ಮೇಲ್ಗಡೆ ನೀರು ಹಾಸಿದ ಚಾಪೆಯ ಹಾಗೆ ಬಿದ್ದಿತ್ತು. ಎಮ್ಮೆಗಳು ಮೂಗು ಮಾತ್ರ ಹೊರಗಿಟ್ಟು ಮುಳುಗಿದ್ದವು. ನಲವತ್ತೇಳರ ಹೊಟ್ಟೆಯ ಮೇಲೆ ಟವೆಲ್ ಸುತ್ತಿಕೊಂಡು ನಾನು ಒಗೆಯುವ ಕಲ್ಲಿನ ಮೇಲೆ ನಿಂತೆ. ಅವನು ಎಮ್ಮೆಗಳ ತನಕ ಹೋಗಿ ತಿರುಗಿ, ಎಂದಿನಂತೆ ತಲೆ ಎತ್ತಿಕೊಂಡು ಬರುತ್ತಿದ್ದ. ಬಾ ಎನ್ನಬೇಕೆನಿಸಿತು, ಅನ್ನಲಿಲ್ಲ. ಕಾಲ್ಬೆರಳಿನಿಂದ ಕಲ್ಲು ಹಿಡಿದು ನಿಂತೆ. ಅವನು ಬಂದ, ಒದ್ದೆ ಅಂಗೈಯನ್ನು ನನ್ನ ಪಾದದ ಪಕ್ಕ ಕಲ್ಲಿಗೆ ಒತ್ತಿದ. ನಾನು ಆ ಕೈಯನ್ನೇ ನೋಡುತ್ತ ಇನ್ನೂ ನಿಂತಿದ್ದೆ.

“ಹತ್ತೇತಿ ಕೈ,” ಎಂದ ಅವನು ಏದುಸಿರು ಬಿಡುತ್ತ. “ಬೀಳ ಇನ್ನ, ಸುಣ್ಣದ ಡಬ್ಬಿ!”